ಮೂರ್ಛೆ ಹೋದ ಮಂತ್ರವಾದಿ

ರಸ್ತೆಯಲ್ಲಿ ಯಾರಾದರೂ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದರೆ, ಅವರ ಗುರುತು ಪರಿಚಯ ಇಲ್ಲದಿದ್ದರೂ, ಹಿಂದೆ ಹೋಗಿ ನಿಂತು ‘ಬರ್ಲಿ, ಬರ್ಲಿ, ಲೆಫ್ಟ್ ಹೊಡೀರಿ’ ಎನ್ನದೆ ಇರುವುದು ನನ್ನಿಂದಾಗದು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿರುವುದರಿಂದ ಈ ರೋಗ ಬಂತೋ, ಈ ರೋಗ ಇದ್ದುದರಿಂದಲೇ ನನ್ನನ್ನು ಸೂಪರ್‌ವೈಸರ್ ಮಾಡಿದರೋ ಹೇಳಲಾರೆ. ಮನೆಯಲ್ಲಿ ದೋಸೆ ಹುಯ್ಯುವುದು ನನ್ನ ಹೆಂಡತಿ ಸುಧಾ. ಯಾವಾಗ ಮಗುಚಬೇಕೆಂದು ಹೇಳುವುದು ನಾನು. ಒಂದು ದಿನ ಅವಳು ಸೌಟನ್ನು ನನ್ನ ಕೈಗಿಟ್ಟು, ಹೊರಗೆ ಹೋಗಿ ಪೇಪರ್ ಓದುತ್ತ ಕುಳಿತುಬಿಟ್ಟಳು. ಅಂದಿನ ದೋಸೆಗಳ ವಿಚಾರ ಇಲ್ಲಿ ಬೇಡ. ಕೇರಂ ಆಡುವಾಗ ಎದುರಾಳಿಗೇ ಯಾವ ಕಾಯಿ ಹೊಡೆಯಬೇಕೆಂದು ಹೇಳಿಕೊಟ್ಟು ಸೋಲುವವನು ನಾನು.

ಹೀಗಿರುವಾಗ ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಮಗಳು ನಿಧಿ, ಗೆಳತಿಯ ಮನೆಯಿಂದ ದೊಡ್ಡದೊಂದು ಡಬ್ಬ ಹೊತ್ತು ತಂದಳು. ಒಳಗೆ ಕಾಡು, ನದಿ, ಕಪ್ಪು ಕೋಟೆ ಬರೆದ ಹಲಗೆ, ಪುಟ್ಟಪುಟ್ಟ ಗೊಂಬೆಗಳು, ದಾಳ. ಕಣ್ಣಿನ ಪೊರೆ ತೆಗೆಸಿಕೊಂಡು, ಇಲವಾಲಕ್ಕೆ ವಾಪಸ್ ಹೋಗುವ ಮುಂಚೆ ನಮ್ಮ ವಿದ್ಯಾರಣ್ಯಪುರಂ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದ ನಮ್ಮ ಅತ್ತೆಯವರೂ ಕಪ್ಪು ಕನ್ನಡಕ ಹಾಕಿಕೊಂಡೇ ಬಂದು ಕುಳಿತರು.

“ಅಪ್ಪ, ಇದ್ರಲ್ಲಿ ಒಬ್ಬರ ಮೇಲೊಬ್ರು ಆಡೋದಲ್ಲ. ನಾವೆಲ್ಲ ಒಂದೇ ಪಾರ್ಟಿ, ಮಾಟಗಾತಿ ವಿರುದ್ಧ. ಗೆದ್ರೆ ಎಲ್ರೂ ಗೆದ್ದಂಗೆ, ಸೋತ್ರೆ ಎಲ್ರೂ ಸೋತಂಗೆ” ಎಂದಳು ನಿಧಿ.

“ಮತ್ತೆ ಸೋತವರನ್ನ ರೇಗ್ಸೋದು ಯಾರು?” ಎಂದೆ.

“ನೀವು ಬಾಯಿ ಹಾಕಿ ಕೆಡಿಸಿದ್ರೆ ನಾಳೇನೇ ವಾಪಸ್ ಕೊಟ್ಬುಡ್ತೀನಿ. ಆಮೇಲೆ ಭಾನುವಾರ ನನ್ನ ರೂಮಿಂದ ಕರೀಬೇಡಿ.”

ಈ ಬೆದರಿಕೆ ನನಗೆ ನಾಟಿತು. ಕಾಲೇಜು ಸೇರಿದ ಮೇಲೆ ಅವಳ ಮುಖ ನಮಗೆ ಕಾಣುವುದು ತಟ್ಟೆಯ ಮುಂದೆ ಮಾತ್ರ. ಬಾಯಿ ಹಾಕುವುದಿಲ್ಲವೆಂದು ಮಾತು ಕೊಟ್ಟೆ.

ಸುಧಾ ಬಿಲ್ಲುಗಾರ್ತಿಯಾದಳು, ನಿಧಿ ಕತ್ತಿ ಹಿಡಿದಳು, ಅತ್ತೆ ಮೂಲಿಕೆಗಳ ಚೀಲ ಹೊತ್ತ ವೈದ್ಯೆ. ನಾನು ಗಡ್ಡದ ಮಂತ್ರವಾದಿ. ಪ್ರತಿ ಸುತ್ತಿನಲ್ಲೂ ಮಾಟಗಾತಿಯ ಮಂಜು ಒಂದೊಂದೇ ಊರನ್ನು ನುಂಗುತ್ತ ಬರುತ್ತದೆ. ಎಲ್ಲ ಊರೂ ಮುಳುಗುವುದರೊಳಗೆ ಕೋಟೆ ಹೊಕ್ಕು ಅವಳ ಮಾಯಾ ಕನ್ನಡಿ ಒಡೆಯಬೇಕು. ಮೊದಲನೇ ಮಂಜು ಬೀಳುವ ಹೊತ್ತಿಗೇ ನಾನು ಕೊಟ್ಟ ಮಾತು ಮರೆತಿದ್ದೆ.

“ಸುಧಾ, ನೀನು ಸೇತುವೆ ದಾಟು. ಅತ್ತೆ, ನೀವು ಕಾಡೊಳಗೆ ಹೋಗಿ.”

“ಕಣ್ಣಿಗೆ ಔಷಧಿ ಬುಡೋದೇ ಇನ್ನೂ ನಿಂತಿಲ್ಲ, ಆಗ್ಲೇ ಕಾಡಿಗೆ ಅಟ್ತೀರಲ್ಲ ಅಳಿಯಂದ್ರೇ” ಎಂದರು ಅತ್ತೆ. ನಾನು ಅಷ್ಟರಲ್ಲಿ ಸುಧಾಳ ಗೊಂಬೆಯನ್ನು ನನ್ನ ಕೈಯಾರೆ ಸೇತುವೆ ದಾಟಿಸಿದ್ದೆ. ನಿಧಿ ಡಬ್ಬದ ಮುಚ್ಚಳದ ಕಡೆ ಕೈ ಚಾಚಿದಳು. ಮಾತು ಬೇಡ, ಮಾಡಿಯೇ ತೋರಿಸೋಣವೆಂದು ನಾನೊಬ್ಬನೇ ಕೋಟೆಗೆ ನುಗ್ಗಿ ದಾಳ ಹಾಕಿದೆ. ಬಾಗಿಲು ಕಾಯುವ ರಾಕ್ಷಸ ಒಂದೇ ಏಟಿಗೆ ಮಂತ್ರವಾದಿಯನ್ನು ಕೆಡವಿದ. ನಿಧಿ ನನ್ನ ಗೊಂಬೆಯನ್ನು ಅಂಗಾತ ಮಲಗಿಸಿದಳು.

“ಪರವಾಗಿಲ್ಲ. ಅತ್ತೆ, ನೀವು ನದಿ ಪಕ್ಕದಿಂದ ಬಂದು ನನಗೆ ಮೂಲಿಕೆ...”

“ಶ್! ಮೂರ್ಛೆ ಹೋದೋರು ಮಾತಾಡಂಗಿಲ್ಲ ಕಣ್ರೀ” ಎಂದರು ಅತ್ತೆ.

ನಾನು ನಿಧಿಯ ಮುಖ ನೋಡಿದೆ. ನಿಧಿ ಅವಳಮ್ಮನ ಮುಖ ನೋಡಿದಳು. “ಹೌದು, ಅಂಗೇ ರೂಲ್ಸು” ಎಂದಳು ಸುಧಾ, ಗಂಭೀರವಾಗಿ.

“ಎಲ್ಲಿದೆ?”

“ನೋಡಿ, ಮತ್ತೆ ಮಾತಾಡಿದ್ರಿ!” ಎಂದಳು ಸುಧಾ.

ಬಾಯಿ ಮುಚ್ಚಿದೆ. ಅತ್ತೆಯ ಗೊಂಬೆ ಚೀಲದ ತುಂಬ ಮೂಲಿಕೆ ಹೊತ್ತು ಹಲಗೆಯ ಮೇಲೆ ನನ್ನ ಗೊಂಬೆಯ ಪಕ್ಕದ ಮನೆಗೇ ಬಂದು ನಿಂತಿತು. “ಅಜ್ಜಿ, ಅಪ್ಪನ್ನ ಎಬ್ಸೋಣ್ವಾ?” ಎಂದಳು ನಿಧಿ. ಅತ್ತೆ ನನ್ನನ್ನು ಕನ್ನಡಕದ ಮೇಲಿಂದ ನೋಡಿ, “ಪಾಪ, ಒಳ್ಳೆ ನಿದ್ದೆ ಹತ್ತೈತೆ. ಮಲಗ್ಲಿ ಬುಡವ್ವ” ಎಂದು ಮುಂದೆ ನಡೆದೇಬಿಟ್ಟರು.

ಆಮೇಲೆ ಅವರು ಹೂಡಿದ ಉಪಾಯ ಶುದ್ಧ ತಪ್ಪು. ಸುಧಾ ಬಾಣ ಬಿಟ್ಟು ರಾಕ್ಷಸನನ್ನು ಕೆಣಕುವುದಂತೆ, ನಿಧಿ ಹಿಂಬಾಗಿಲಿನಿಂದ ನುಗ್ಗುವುದಂತೆ! ನಾಲಿಗೆ ಕಚ್ಚಿಕೊಂಡೆ, ನೀರು ಕುಡಿದೆ, ಹುಬ್ಬಿನಿಂದ ಸೂಚನೆ ಕೊಟ್ಟೆ. “ಹುಬ್ಬೂ ಅಲ್ಲಾಡ್ಸಂಗಿಲ್ಲ” ಎಂದಳು ನಿಧಿ. ಮಾತಾಡುವ ಕೆಲಸವಿಲ್ಲದ್ದರಿಂದ ಕಿವಿ ತೆರೆಯಿತು. ಸುಧಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಏನು ಕೇಳಿದರೂ ‘ಹೂಂ’ ಎನ್ನುವ ನಿಧಿ ಅಜ್ಜಿಗೆ ಉದ್ದುದ್ದ ವಾಕ್ಯಗಳಲ್ಲಿ ಯುದ್ಧ ವಿವರಿಸುತ್ತಿದ್ದಳು. ನಾನೆದ್ದರೆ ಇದು ನಿಂತೀತೆಂದು ನನಗೇ ಭಯವಾಯಿತು. ಮಲಗಿಯೇ ಇದ್ದೆ.

ಮಂಜು ಕೊನೆಯ ಊರಿನ ಬಾಗಿಲಿಗೆ ಬಂತು. ನಿಧಿ, ಅವಳ ಹಿಂದೆಯೇ ಅತ್ತೆ, ಕೋಟೆ ಹೊಕ್ಕಿದ್ದರು; ಉಳಿದದ್ದು ಅತ್ತೆಯ ಸರದಿ ಒಂದೇ, ಕನ್ನಡಿ ಒಡೆಯಲು ಅವರ ದಾಳ ಆರು ಬೀಳಲೇಬೇಕಿತ್ತು. ಅತ್ತೆ ಎದ್ದು ನಿಂತರು, ಸೆರಗು ಸಿಕ್ಕಿಸಿದರು, ದಾಳವನ್ನು ಮುಷ್ಟಿಯಲ್ಲಿ ಕುಲುಕಿ ಎಸೆದರು. ಆರು! ನಾಲ್ವರೂ ಹಾಕಿದ ಕೂಗಿಗೆ ಮಹಡಿಯ ಮನೆಯವರು ಇಳಿದು ಬಂದು, “ಏನಾಯ್ತು ಸಾರ್?” ಎಂದರು. ಯಾರೂ ಉತ್ತರ ಕೊಡಲಿಲ್ಲ. ನಾನಂತೂ ಕೊಡುವ ಹಾಗಿರಲಿಲ್ಲ.

ಕಾಫಿ ಕುಡಿಯುವಾಗ ಆಟದ ನಿಯಮಗಳ ಪುಸ್ತಕಕ್ಕೆ ಕೈ ಹಾಕಿದೆ. ಅತ್ತೆ ಲೋಟ ಕೆಳಗಿಟ್ಟು, “ಅದ್ರಲ್ಲಿ ಹುಡುಕ್ಬೇಡಿ. ಆ ರೂಲ್ಸು ನಂದು” ಎಂದರು. ಸುಧಾ, ನಿಧಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಿಧಿ ಡಬ್ಬವನ್ನು ವಾಪಸ್ ಕೊಡಲಿಲ್ಲ. ಇನ್ನೊಂದು ವಾರಕ್ಕೆ ಇಟ್ಟುಕೊಂಡಿದ್ದಾಳೆ. ಅತ್ತೆಯೂ ಊರಿಗೆ ಹೊರಡುವುದನ್ನು ಮುಂದಕ್ಕೆ ಹಾಕಿದ್ದಾರೆ.

ಗೆಲುವು ಎಲ್ಲರದೂ ಎಂದು ನಿಧಿ ಈಗಲೂ ಹೇಳುತ್ತಾಳೆ, ನಾನೂ ತಲೆಯಾಡಿಸುತ್ತೇನೆ. ಆದರೂ ಒಬ್ಬನೇ ಕುಳಿತಾಗ ಅನ್ನಿಸದೆ ಇರುವುದಿಲ್ಲ: ನಾನು ಸರಿಯಾದ ಸಮಯಕ್ಕೆ ಮೂರ್ಛೆ ಹೋಗದಿದ್ದಿದ್ದರೆ ಇವರೆಲ್ಲ ಏನು ಮಾಡುತ್ತಿದ್ದರೋ!