ಕೋಳಿ ಜಗಳದ ಇಂಗ್ಲಿಷ್ ಆವೃತ್ತಿ

ಸರಿಯಾಗಿ ಬಾರದ ಭಾಷೆಯಲ್ಲಿ ಮನುಷ್ಯ ಸಿಟ್ಟು ಮಾಡಿಕೊಂಡರೆ ಆ ಸಿಟ್ಟು ಏನಾಗುತ್ತದೆ? ಕರಗಿಹೋಗುತ್ತದೋ, ಒಳಗೇ ಕೂತು ಹುಳಿಯುತ್ತದೋ? ಇಂಥ ಪ್ರಶ್ನೆಗಳು ವಿದ್ವಾಂಸರಿಗೆ ಬಂದರೆ ಪುಸ್ತಕವಾಗುತ್ತವೆ, ನನ್ನಂಥ ಹೈಸ್ಕೂಲ್ ಮೇಷ್ಟ್ರಿಗೆ ಬಂದರೆ ಊಟಕ್ಕೆ ಸಂಚಕಾರ ತರುತ್ತವೆ. ನಾನಿರುವುದು ಹಾಸನದಲ್ಲಿ, ಸಾಲಗಾಮೆ ರಸ್ತೆ ಕಡೆಯ ಒಂದು ಹೊಸ ಬಡಾವಣೆಯಲ್ಲಿ. ದಿನಾ ಬೆಳಗ್ಗೆ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಬರುವುದು ನನ್ನ ಉದ್ಯೋಗ. ಕಲಿಸುವುದು ಅಂದರೆ ಬೇರೇನಿಲ್ಲ, ವಾಕ್ಯ ಕಟ್ಟುವುದು. "ಯಾರು? ಏನು ಮಾಡಿದರು? ಯಾವುದನ್ನು? ಈ ಮೂರಕ್ಕೆ ಉತ್ತರ ಬರೆದರೆ ಇಂಗ್ಲಿಷ್ ವಾಕ್ಯ ಆಗೋಯ್ತು ಕಣ್ರೋ" ಅಂತ ಬೋರ್ಡಿನ ಮೇಲೆ ಬರೆದು ಬರೆದು ನನ್ನ ಬಲಗೈ ತೋಳಿಗೆ ಸೀಮೆಸುಣ್ಣ ಖಾಯಂ ಆಗಿಬಿಟ್ಟಿದೆ. ಆದರೆ ಒಂದು ಮಾತು ಹೇಳಬೇಕು. ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ನಾನೇ ಸ್ವಂತದ್ದೊಂದು ವಾಕ್ಯ ಬರೆದ ನೆನಪು ನನಗಿರಲಿಲ್ಲ. ನಾನು ಬರೆಯುತ್ತಿದ್ದದ್ದು ಅರ್ಜಿಯ ಇಂಗ್ಲಿಷು. 'ತಮ್ಮ ಅಮೂಲ್ಯ ಗಮನಕ್ಕೆ ತರಬಯಸುವುದೇನೆಂದರೆ' ಎಂದು ಶುರುವಾಗಿ, ಪುಟದ ಕೊನೆಗೆ ಬಂದರೂ ಯಾರು ಏನು ಮಾಡಿದರೆಂದು ಬಾಯಿಬಿಡದ ಇಂಗ್ಲಿಷು. ಬಡಾವಣೆಯ ಜನ ಅದನ್ನು ನೋಡಿ ಬೆರಗಾಗಿ ನನಗೆ 'ಇಂಗ್ಲಿಷ್ ಮೇಷ್ಟ್ರು' ಎಂಬ ಬಿರುದು ಕೊಟ್ಟಿದ್ದರು. ನಾನೂ ಬೇಡ ಅನ್ನಲಿಲ್ಲ.

ನಮ್ಮ ಬಡಾವಣೆಗೆ ಒಂದು ಸಂಘ, ಸಂಘಕ್ಕೆ ಒಂದು ವಾಟ್ಸಾಪ್ ಗುಂಪು, ಗುಂಪಿಗೆ ಕಾರ್ಯದರ್ಶಿಗಳಾದ ರಂಗೇಗೌಡರು. ಮೊದಮೊದಲು ಆ ಗುಂಪಿನಲ್ಲಿ ಕನ್ನಡದಲ್ಲೇ ವ್ಯವಹಾರ ನಡೆಯುತ್ತಿತ್ತು. ಚರಂಡಿಯಿಂದ ಶುರುವಾದ ಮಾತು ಅಜ್ಜಂದಿರ ಕಾಲದ ಬೇಲಿಯವರೆಗೂ ಹೋಗಿ, ಕೊನೆಗೆ ಇಬ್ಬರು ಮೊಬೈಲು ಜೇಬಿಗಿಟ್ಟು ರಸ್ತೆಗೇ ಇಳಿದುಬಿಡೋರು. ಗೌಡರು ತಲೆ ಕೆಟ್ಟುಹೋಗಿ ಒಂದು ನಿಯಮ ಮಾಡಿದರು: ಇನ್ನು ಮುಂದೆ ದೂರುಗಳನ್ನು ಇಂಗ್ಲಿಷಿನಲ್ಲಿ, ಪೂರ್ಣ ವಾಕ್ಯದಲ್ಲಿ ಬರೆದರೆ ಮಾತ್ರ ಪರಿಗಣಿಸಲಾಗುವುದು. ನಾನು ಕುತೂಹಲ ತಡೆಯದೆ ಕಾರಣ ಕೇಳಿದೆ. "ನೋಡಿ ಮೇಷ್ಟ್ರೇ, ನಿಮ್ಮೊಬ್ರನ್ನ ಬಿಟ್ರೆ ಯಾರಿಗೂ ಬರಲ್ಲ. ಬರದೇ ಇದ್ರೆ ಬರೆಯಲ್ಲ. ಬರೆಯದೇ ಇದ್ರೆ ನಾನು ನೆಮ್ಮದಿಯಾಗಿ ಮಧ್ಯಾಹ್ನ ಒಂದು ನಿದ್ದೆ ಮಾಡ್ತೀನಿ" ಅಂದರು. ಆಡಳಿತ ಅಂದರೆ ಇದು ಅನ್ನಿಸಿತು ನನಗೆ. ಗುಂಪು ಶಾಂತವಾಯಿತು. ಶುಭೋದಯದ ಹೂಗಳು ಬಿಟ್ಟರೆ ಬೇರೇನೂ ಇಲ್ಲ.

ಈ ಶಾಂತಿಯನ್ನು ಕೆಡಿಸಿದ್ದು ಒಂದು ಕೆಂಚು ಬಣ್ಣದ ನಾಟಿ ಕೋಳಿ. ನಮ್ಮ ಮನೆಗೂ ಪಕ್ಕದ ಜಯಕ್ಕನ ಮನೆಗೂ ನಡುವೆ ಒಂದು ಖಾಲಿ ಸೈಟಿದೆ. ಯಾರದೋ ಸೈಟು, ಅವರು ಈ ಕಡೆ ತಲೆ ಹಾಕಿದ್ದನ್ನು ಯಾರೂ ಕಂಡಿಲ್ಲ. ನನ್ನ ಹೆಂಡತಿ ಭಾಗ್ಯ ಚನ್ನರಾಯಪಟ್ಟಣದ ಕಡೆಯವಳು, ಬರಿ ನೆಲ ಕಂಡರೆ ಕೈ ಸುಮ್ಮನಿರುವುದಿಲ್ಲ. ಅಲ್ಲಿ ಅವರೆ, ಕೊತ್ತಂಬರಿ ಹಾಕಿದ್ದಳು. ಜಯಕ್ಕ ಅರಕಲಗೂಡಿನವರು, ಅವರಿಗೆ ಕೋಳಿ ಸಾಕದೆ ಬೆಳಗಾಗುವುದಿಲ್ಲ. ಇಬ್ಬರೂ ಒಂದೇ ತಾಯಿ ಮಕ್ಕಳ ಹಾಗೆ ಇದ್ದವರು. ಭಾಗ್ಯಳಿಗೆ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು ಗಂಜಿ ಕುಡಿಸಿದ್ದು ಜಯಕ್ಕ, ನಾನು ಹೊರಗೆ ಬೆಂಚಿನ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಇಂಥವರ ನಡುವೆ ಆ ಕೋಳಿ ಬಂತು. ಮೊಳಕೆ ಬಂದ ಅವರೆಯನ್ನೆಲ್ಲ ಕೆದರಿ ತಿಂದಿತು. ಭಾಗ್ಯ ಕಾಂಪೌಂಡಿನ ಹತ್ತಿರ ನಿಂತು ಆಕಾಶಕ್ಕೆ ಹೇಳುವಂತೆ, "ಕೋಳಿ ಸಾಕಕ್ಕೆ ಬತ್ತದೆ, ಕೂಡಾಕಕ್ಕೆ ಬರಲ್ಲ ಕೆಲವ್ರಿಗೆ" ಅಂದಳು. ಆಕಾಶ ಸುಮ್ಮನಿತ್ತು. ಜಯಕ್ಕ ಒಳಗಿಂದಲೇ, "ಊರೋರ ಸೈಟಲ್ಲಿ ಬೆಳೆ ಇಕ್ಕಿ ಯಜಮಾನ್ಕೆ ಬ್ಯಾರೆ" ಅಂದರು. ಮಾತು ಅಲ್ಲಿಗೆ ನಿಂತುಹೋಯಿತು.

ಮಾತು ನಿಂತದ್ದೇನೋ ಸರಿ, ಆದರೆ ನಮ್ಮ ಮನೆಯಲ್ಲಿ ಜಯಕ್ಕನ ಸ್ಟೀಲ್ ಡಬ್ಬಿ ಉಳಿದುಬಿಟ್ಟಿತ್ತು. ಹಿಂದಿನ ದಿನವಷ್ಟೇ ಅದರ ತುಂಬ ಹುರುಳಿಕಾಳಿನ ಬಸ್ಸಾರು ಬಂದಿತ್ತು. ಅವರ ಮದುವೆಗೆ ತವರಿನವರು ಕೊಟ್ಟ ಡಬ್ಬಿ, ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿದೆ. ನಮ್ಮ ಕಡೆ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕಳಿಸುವಂತಿಲ್ಲ, ಏನಾದರೂ ಹಾಕಿಯೇ ಕಳಿಸಬೇಕು. ಬರಿದೇ ಕಳಿಸಿದರೆ ಸಂಬಂಧ ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಜಗಳವಾಡಿದ ಮೇಲೆ ತುಂಬಿ ಕಳಿಸಲು ಮನಸ್ಸು ಬಾರದು, ಬರಿದೇ ಕಳಿಸಲು ಧೈರ್ಯ ಬಾರದು. ಡಬ್ಬಿ ಫ್ರಿಜ್ಜಿನ ತಲೆಯ ಮೇಲೆ ಕೂತಿತು. ಭಾಗ್ಯ ಹಾಲು ತೆಗೆಯಲು ಹೋದಾಗಲೆಲ್ಲ ಅದನ್ನು ನೋಡುವಳು, ಮುಖ ತಿರುಗಿಸುವಳು.

ಆ ಸಂಜೆ ಅವಳು ನನ್ನ ಮುಂದೆ ಮೊಬೈಲು ಇಟ್ಟಳು. "ರೀ, ಗುಂಪಲ್ಲಿ ಹಾಕ್ಬೇಕು. ಇಂಗ್ಲಿಷಲ್ಲಿ ಬರ್ಕೊಡಿ." ಏನು ಬರೆಯಲಿ ಅಂದೆ. ಅವಳು ಶುರು ಮಾಡಿದಳು. ಗೃಹಪ್ರವೇಶದ ದಿನದಿಂದ ಹೊರಟ ಆ ಕಥೆ ಕೋಳಿಯ ಹತ್ತಿರ ಬರುವಷ್ಟರಲ್ಲಿ ಅನ್ನ ಸೀದು ವಾಸನೆ ಬಂತು. ನಾನು ಮೇಷ್ಟ್ರ ಗತ್ತಿನಲ್ಲಿ, "ಇಷ್ಟೆಲ್ಲ ಇಂಗ್ಲಿಷಿಗೆ ಹಿಡಿಸಲ್ಲ. ಯಾರು? ಏನು ಮಾಡಿದರು? ಯಾವುದನ್ನು? ಅಷ್ಟು ಹೇಳು" ಅಂದೆ. ಅವಳು ಯೋಚಿಸಿದಳು. "ಕೋಳಿ. ತಿಂತು. ಅವರೆನ." ಹೇಳಿದವಳು ತನಗೆ ತಾನೇ ಆಶ್ಚರ್ಯಪಟ್ಟಳು. "ಅಷ್ಟೇನಾ ಆಗಿದ್ದು?" ಅಂದಳು. ನನಗೂ ಕುತೂಹಲವಾಯಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಮಗೆ ಎಷ್ಟೊಂದು ಅನುಕೂಲ ನೋಡಿ. 'ಜಯಕ್ಕನ ಕೋಳಿ ನನ್ನ ಅವರೆಯನ್ನು' ಎಂದು ಹೊರಟು, ಎದುರಿನವರ ಮುಖ ನೋಡಿಕೊಂಡು, 'ತಿಂತು' ಅನ್ನಬಹುದು, 'ನೋಡಿತು' ಅಂತಲೂ ಮುಗಿಸಬಹುದು. ಇಂಗ್ಲಿಷಿನವನಿಗೆ ಆ ಭಾಗ್ಯವಿಲ್ಲ, ಬಾಯಿ ತೆರೆದು ಎರಡು ಹೆಜ್ಜೆ ಇಡುವಷ್ಟರಲ್ಲಿ ತಿಂದುಬಿಟ್ಟಿರುತ್ತದೆ. ಅವಳ ಸಿಟ್ಟು ಅರ್ಧ ಇಳಿದಿತ್ತು. ಅಷ್ಟನ್ನೇ ಬರೆದುಕೊಟ್ಟಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ನೂರಾರು ಮನೆಯವರು ನೋಡುವ ಗುಂಪು, ಇಂಗ್ಲಿಷ್ ಮೇಷ್ಟ್ರ ಹೆಂಡತಿ, ಬರಿಯ ಮೂರು ಪದವೇ? 'ತಮ್ಮ ಅಮೂಲ್ಯ ಗಮನಕ್ಕೆ' ಎಂದು ಹಿಡಿದೆ. 'ಸದರಿ ಪಕ್ಷಿ' ಎಂದೆ. 'ಭರಿಸಲಾಗದ ಹಾನಿ' ಎಂದೆ. ರಂಗೇಗೌಡರಿಂದ ಒಂದು ಹೆಬ್ಬೆರಳು ಬಂತು. ಅವರಿಗೆ ಏನು ಅರ್ಥವಾಯಿತೋ ದೇವರಿಗೇ ಗೊತ್ತು.

ಮರುದಿನ ಬೆಳಗ್ಗೆ ಬಸ್ಸಿಗೆ ಹೊರಟವನನ್ನು ಹಾಲಿನ ಬೂತಿನ ಹತ್ತಿರ ಜಯಕ್ಕ ತಡೆದರು. "ಸಾ, ಅದೇನೋ ನಮ್ ಕೋಳಿ ಮ್ಯಾಲೆ ಇಂಗ್ಲಿಷಲ್ಲಿ ಹಾಕೌಳಲ್ಲ ಭಾಗ್ಯ. ನಂಗೂ ಒಂದು ಜವಾಬು ಬರ್ಕೊಡಿ." ನಾನು ಬೆಚ್ಚಿ, "ಜಯಕ್ಕ, ಅದನ್ನ ಬರೆದವನೇ ನಾನು" ಅಂದೆ. "ಗೊತ್ತು ಬುಡಿ. ಇನ್ಯಾರಿಗ್ ಬತ್ತದೆ? ಇಸ್ಕೂಲಲ್ಲಿ ಒಂದೇ ಮಗೀಗೆ ಪಾಠ ಏಳಿ ಇನ್ನೊಂದ್ಕೆ ಇಲ್ಲ ಅಂತೀರಾ?" ಅಂದರು. ಈ ಪ್ರಶ್ನೆಗೆ ನಮ್ಮ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿಲ್ಲ. ಅದೂ ಅಲ್ಲದೆ, ಸುಳ್ಳೇಕೆ ಹೇಳಲಿ, ನನ್ನ ವಾಕ್ಯಕ್ಕೆ ಸರಿಸಮನಾದ ಉತ್ತರ ಹೇಗಿರಬಹುದು ಎಂಬ ಕುತೂಹಲ ರಾತ್ರಿಯೇ ಹುಟ್ಟಿಕೊಂಡಿತ್ತು. ಬರೆದುಕೊಟ್ಟೆ. 'ಸದರಿ ಪಕ್ಷಿಯು ನಿರಪರಾಧಿ' ಎಂದೆ. 'ಸದರಿ ನಿವೇಶನದ ಒಡೆತನದ ಬಗ್ಗೆ ಅರ್ಜಿದಾರರು ಮೌನ ವಹಿಸಿದ್ದಾರೆ' ಎಂದೆ. ಹೊಳೆನರಸೀಪುರ ಮುಟ್ಟುವವರೆಗೂ ಆ ಮಾತನ್ನು ನೆನೆನೆನೆದು ಖುಷಿಪಟ್ಟೆ.

ಆಮೇಲೆ ಅದು ದಿನಚರಿಯಾಯಿತು. ಸಂಜೆ ಭಾಗ್ಯಳ ಪರವಾಗಿ, ಬೆಳಗ್ಗೆ ಜಯಕ್ಕನ ಪರವಾಗಿ. ಜೀವಮಾನದಲ್ಲಿ ಮೊದಲ ಸಲ ನನಗೆ ಸಮಾನಸ್ಕಂಧನಾದ ಎದುರಾಳಿ ಸಿಕ್ಕಿದ್ದ. ಭಾಗ್ಯ ಒಂದು ದಿನ ಗುಂಪು ನೋಡಿ, "ಜಯಕ್ಕಂಗೆ ಯಾರೋ ಭಾರಿ ಓದಿರೋರು ಬರ್ಕೊಡ್ತಾವ್ರೆ ಕಣ್ರೀ. ನಿಮಗಿಂತ ಜೋರಾಗದೆ" ಅಂದಳು. ನನಗೆ ಅವಮಾನವೂ ಆಯಿತು, ಹೆಮ್ಮೆಯೂ ಆಯಿತು. ಎರಡನ್ನೂ ನುಂಗಿಕೊಂಡು ಚಪಾತಿ ತಿಂದೆ. ಚಪಾತಿ ತಿಂದೆ ಎಂಬುದನ್ನು ಗಮನಿಸಿ. ಜಗಳ ಶುರುವಾದ ಮೇಲೆ ನಮ್ಮ ಮನೆಗೆ ಬಸ್ಸಾರೂ ಇಲ್ಲ, ಮಸ್ಸೊಪ್ಪೂ ಇಲ್ಲ. ಭಾಗ್ಯ ಸಂಜೆ ಬಾಗಿಲಲ್ಲಿ ನಿಲ್ಲುವುದು ಬಿಟ್ಟಳು. ಕೊತ್ತಂಬರಿ ಕೀಳದೆ ಬಲಿತು ಹೂ ಬಿಟ್ಟಿತು. ಜಯಕ್ಕನ ಜೊತೆ ಆಡಬೇಕಾದ ಮಾತನ್ನೆಲ್ಲ ನನ್ನ ಜೊತೆ ಆಡಲು ಬರುತ್ತಿದ್ದಳು, ನಾನು ಒಳ್ಳೆಯದೊಂದು ಇಂಗ್ಲಿಷ್ ಪದ ಹುಡುಕುತ್ತ ಹೂಂ ಅನ್ನುತ್ತಿದ್ದೆ. ಅವಳಿಗೆ ಸಂಕಟವಾಗುತ್ತಿತ್ತು. ನನಗೆ ಅದು ಕಾಣಲಿಲ್ಲ ಎಂದರೆ ನಂಬಬೇಡಿ. ಕಂಡಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಭಾಗ್ಯ ಡಬ್ಬಿ ಕಡೆ ನೋಡಿ, "ಇದನ್ನ ತಗೊಂಡೋಗು ಅಂತ ಬರ್ದಾಕಿ ಅತ್ಲಾಗೆ, ಸಾಕಾಗೋಯ್ತು" ಅಂದಳು. ನಾನು ಅವಳ ಮೊಬೈಲಿನಲ್ಲಿ ನನ್ನ ಅತ್ಯುತ್ತಮ ವಾಕ್ಯ ಬರೆದೆ. ನಮ್ಮ ವಶದಲ್ಲಿರುವ ತಮ್ಮ ಖಾಲಿ ಪಾತ್ರೆಯನ್ನು ತಾವು ಕೂಡಲೇ ಹಿಂಪಡೆಯತಕ್ಕದ್ದು ಎಂಬರ್ಥದ್ದು. "ಒತ್ತಿಬಿಡು" ಎಂದು ಹೇಳಿ ಹೊರಟೆ. ಬೂತಿನ ಹತ್ತಿರ ಜಯಕ್ಕ ಸಿಕ್ಕರು. ಹೇಗೂ ಉತ್ತರ ಬರೆಯಬೇಕಲ್ಲ, ಮತ್ತೆ ನಾಳೆವರೆಗೆ ಯಾಕೆ ಕಾಯಬೇಕು ಎಂದು, "ಇವತ್ತು ಡಬ್ಬಿ ವಿಚಾರ ಬಂದಿದೆ ಜಯಕ್ಕ, ಉತ್ತರ ಹಾಕಿಬಿಡೋಣ" ಅಂದೆ. ಜಯಕ್ಕನ ಮುಖ ಇಳಿದುಹೋಯಿತು. "ಬರೀ ಡಬ್ಬಿ ಕೊಡ್ತೀನಿ ಅಂದ್ಲಾ ಭಾಗ್ಯ? ಅಂಗೇ ಅಂದ್ಬುಟ್ಲಾ?" ನಾನು ಹೂಂ ಅಂದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, "ಏನಾರ ಬರ್ಕೊಳಿ ಸಾ" ಎಂದು ಮೊಬೈಲು ಕೊಟ್ಟರು. ಆಗಲಾದರೂ ನಾನು ಸುಮ್ಮನಾಗಬಾರದಿತ್ತೆ? ಬಸ್ಸು ಹಾರ್ನ್ ಹೊಡೆಯುತ್ತಿತ್ತು. 'ಸದರಿ ಖಾಲಿ ಪಾತ್ರೆಯ ಅವಶ್ಯಕತೆ ನಮಗಿಲ್ಲ' ಎಂದು ಬರೆದು, ನಾನೇ ಒತ್ತಿ, ಓಡಿಹೋಗಿ ಸೀಟು ಹಿಡಿದೆ.

ಸಂಜೆ ಮನೆಗೆ ಬಂದಾಗ ಭಾಗ್ಯ ಒಲೆಯ ಮುಂದೆ ಕಜ್ಜಾಯ ಕರಿಯುತ್ತಿದ್ದಳು. ಪಕ್ಕದಲ್ಲಿ ಜಯಕ್ಕನ ಡಬ್ಬಿ, ತೊಳೆದು ಒರೆಸಿ, ಮುಚ್ಚಳ ತೆಗೆದು ಇಟ್ಟಿತ್ತು. "ಹಾಕ್ಲಿಲ್ಲ ಕಣ್ರೀ ನಾನು" ಅಂದಳು. "ಒತ್ತಕ್ಕೆ ಕೈ ಬರ್ಲಿಲ್ಲ. ಇಂಗ್ಲಿಷಲ್ಲಿ ಬರೆದ್ರೂ ಬರೀ ಡಬ್ಬಿ ಬರೀ ಡಬ್ಬಿನೇ ಅಲ್ವಾ? ಅಳಿಸ್ಬುಟ್ಟೆ." ಅವಳು ಕೈ ಒರೆಸಿಕೊಂಡು ಮೊಬೈಲು ನನ್ನ ಮುಂದೆ ಹಿಡಿದಳು. "ಆದ್ರೆ ಜಯಕ್ಕ ಬೆಳಗ್ಗೆನೇ ಜವಾಬು ಹಾಕೌಳೆ ನೋಡಿ. ವೆಸೆಲ್ ಅಂದ್ರೆ ಪಾತ್ರೆ ಅಲ್ವಾ? ನಾನು ಹಾಕ್ದೇ ಇರೋದಕ್ಕೆ ಅವಳು ಹೆಂಗ್ರೀ ಜವಾಬು ಕೊಟ್ಲು?"

ನಾನು ಸೀಲಿಂಗ್ ಫ್ಯಾನು ನೋಡಿದೆ. ಅದು ತಿರುಗುತ್ತಿರಲಿಲ್ಲ, ಆದರೂ ನೋಡಿದೆ. ಭಾಗ್ಯ ಡಬ್ಬಿಗೆ ಬಿಸಿ ಕಜ್ಜಾಯ ತುಂಬಿ, ಮುಚ್ಚಳ ಒತ್ತಿ, ಖಾಲಿ ಸೈಟಿನ ಮಧ್ಯದಿಂದಲೇ ನಡೆದುಹೋದಳು. ನಾನು ಕಿಟಕಿಗೆ ಕಿವಿ ಇಟ್ಟು ನಿಂತೆ. ಮೊದಲು ಇಬ್ಬರೂ ಅಳುವ ಸದ್ದು, ಅದರ ಬೆನ್ನಿಗೇ "ಅಯ್ಯೋ ಇವ್ರ ಮನೆ ಕಾಯೋಗಾ!" ಎಂಬ ಭಾಗ್ಯಳ ಧ್ವನಿ, ಅದರ ಮೇಲೆ ಇಬ್ಬರ ನಗು. ಆ ನಗುವಿನಲ್ಲಿ ನನ್ನ ಪಾತ್ರವೇನೆಂದು ಕೇಳಿ ತಿಳಿಯಬೇಕಾಗಿರಲಿಲ್ಲ. ಆದರೂ ಎಷ್ಟೋ ದಿನದ ಮೇಲೆ ಅವಳು ಹಾಗೆ ನಗುವುದನ್ನು ಕೇಳಿ ನನಗೆ ಹಾಯೆನಿಸಿತು.

ಭಾನುವಾರ ಡಬ್ಬಿ ವಾಪಸ್ಸು ಬಂತು, ಜಯಕ್ಕನ ಕೈಯಲ್ಲೇ. ಮುಚ್ಚಳ ತೆಗೆದರೆ ಕೋಳಿ ಸಾರಿನ ಘಮ. "ಯಾವ ಕೋಳಿ ಜಯಕ್ಕ?" ಅಂದೆ. "ಅದೇ ಕಣ್ ಸಾ, ನೀವು ನಿರಪರಾಧಿ ಅಂತ ಬರ್ದಿದ್ರಲ್ಲ, ಅದೇಯ. ಭಾಗ್ಯ ಮತ್ತೆ ಇಕ್ಕಿದ್ ಅವರೆಗೂ ಬಾಯಿ ಆಕ್ತು" ಅಂದರು. ನಾನು ತಟ್ಟೆಗೆ ಕೈ ಹಾಕುವಷ್ಟರಲ್ಲಿ ಭಾಗ್ಯ ಡಬ್ಬಿಯನ್ನು ಆಚೆಗೆಳೆದು ಮೊಬೈಲನ್ನು ಈಚೆಗೆ ತಳ್ಳಿದಳು. "ಮೊದ್ಲು ಗುಂಪಲ್ಲಿ ನೀವೇ ಬರೀರಿ, ಆಗಿದ್ದು ಏನು ಅಂತ. ಆಮೇಲೆ ಸಾರು." ನಾನು ಬರೆಯಲು ಕೂತೆ. 'ತಮ್ಮ ಅಮೂಲ್ಯ ಗಮನಕ್ಕೆ' ಎಂದು ಶುರು ಮಾಡಿ ಅಳಿಸಿದೆ. 'ಕಾರಣಾಂತರಗಳಿಂದ' ಎಂದು ಹಿಡಿದು ಅಳಿಸಿದೆ. ಸಾರು ಆರುತ್ತಿತ್ತು. ಆ ಇಬ್ಬರೂ ಹೆಂಗಸರು ನನ್ನ ಹಿಂದೆ, ಪರೀಕ್ಷಾ ಕೊಠಡಿಯಲ್ಲಿ ನಾನು ನಿಲ್ಲುವ ಹಾಗೆಯೇ ಕೈಕಟ್ಟಿ ನಿಂತಿದ್ದರು. ಭಾಗ್ಯ ಬಗ್ಗಿ ನೋಡಿ, ನನ್ನದೇ ಗತ್ತಿನಲ್ಲಿ ಕೇಳಿದಳು: "ಯಾರು? ಏನು ಮಾಡಿದರು? ಯಾವುದನ್ನು?"

'ಐ ರೋಟ್ ಬೋತ್' ಎಂದು ಬರೆದು ಒತ್ತಿದೆ. ನಾನು. ಬರೆದೆ. ಎರಡನ್ನೂ. ಭಾಗ್ಯ ಅದನ್ನು ಬೆರಳಿಟ್ಟು ಒಂದೊಂದೇ ಪದ ಓದಿ, ಜಯಕ್ಕನಿಗೂ ತೋರಿಸಿ, ನನ್ನ ತಟ್ಟೆಗೆ ಸಾರು ಬಡಿಸುತ್ತ ಅಂದಳು: "ನೋಡು ಜಯಕ್ಕ, ಇಷ್ಟು ದಿನದಲ್ಲಿ ಇವರು ಬರ್ದಿದ್ರಲ್ಲಿ ನಂಗೆ ಪೂರ್ತಿ ಅರ್ಥ ಆಗಿದ್ದು ಇದೊಂದೇಯ."