ಆಯಿ ಮತ್ತು ಮಾವಶಿಯನ್ನು ಒಬ್ಬರೇ ಎಂದು ದಾಖಲಿಸಿದ ಬಗ್ಗೆ

ಇಂದ,
ಪೂರ್ಣಿಮಾ ರಾಮಾ ಹರಿಕಂತ್ರ,
ದ್ವಿತೀಯ ದರ್ಜೆ ಸಹಾಯಕಿ,
ದೇವಬಾಗ, ಕಾರವಾರ ತಾಲೂಕು.

ಗೆ,
ವ್ಯವಸ್ಥಾಪಕರು,
‘ಪಟಪೆಟ್ಟಿಗೆ’ ಫೋಟೋ ತಾಣ.
(ತಮ್ಮ ವಿಳಾಸ ತಾಣದಲ್ಲಿ ಎಲ್ಲಿಯೂ ಸಿಗದ ಕಾರಣ ಬರೆದಿರುವುದಿಲ್ಲ.)

ವಿಷಯ: ತಮ್ಮ ಹೊಸ ‘ಮುಖ ಗುರುತು’ ಸೌಲಭ್ಯದ ಬಗ್ಗೆ ದೂರು ಮತ್ತು ಕೃತಜ್ಞತೆಯನ್ನು ಒಟ್ಟಿಗೇ ಸಲ್ಲಿಸುವ ಕುರಿತು.

ಉಲ್ಲೇಖ: ೧. ತಮ್ಮ ಪ್ರಶ್ನೆ: “ಇವರಿಬ್ಬರೂ ಒಬ್ಬರೇ?”
೨. ನನ್ನ ತಂದೆಯವರ ಉತ್ತರ: “ಹೌದು.”

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ನಾನು ಕಾಲೇಜಿನ ದಿನಗಳಿಂದ ತಮ್ಮ ತಾಣದ ಬಳಕೆದಾರಳಾಗಿದ್ದು, ಇದುವರೆಗೆ ಯಾವ ದೂರನ್ನೂ ಸಲ್ಲಿಸಿರುವುದಿಲ್ಲ. ಪಟ ಹಾಕಿದರೆ ಪಟ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ತಾವು ಮಾಡುತ್ತಿರಲಿಲ್ಲ; ನಾವೂ ಕೇಳಿರಲಿಲ್ಲ.

೧. ನನ್ನ ತಾಯಿ ಕಾಶಿ ಆಯಿ ಕಾರವಾರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾರೆ. ಅವರ ತಂಗಿ ಗಂಗಿ ಮಾವಶಿ ಅಂಕೋಲೆಯಲ್ಲಿ ಮಾರುತ್ತಾರೆ. ನನ್ನ ಅಣ್ಣ ನಿತಿನನ ನಿಶ್ಚಿತಾರ್ಥದ ದಿನ ಮಾವಶಿ ಅಡುಗೆಯವರಿಗೆ ಕಾಯಿ ಕೊಡಲು ಹಿತ್ತಿಲಿಗೆ ಹೋಗಿದ್ದಾಗ ಮನೆಮಂದಿಯ ಫೋಟೋ ತೆಗೆದುಬಿಟ್ಟರು. ಆಯಿ ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು. ಅದನ್ನು ಕಂಡ ಮಾವಶಿ, “ಹಂಗಾರೆ ನಾ ಈ ಮನೆಯೋಳಲ್ಲ” ಎಂದು ಹೊರಟವರು ಮದುವೆಗೂ ಬರಲಿಲ್ಲ. ಕರೆಯಲು ಆಯಿಯೂ ಹೋಗಲಿಲ್ಲ.

೨. ಸದರಿ ಕಾರಣದಿಂದ, ಮಾವಶಿಯ ಮಗಳು ರಕ್ಷಿತಾ ಮತ್ತು ನಾನು ತಮ್ಮ ತಾಣದಲ್ಲಿ ಜಂಟಿ ಆಲ್ಬಮ್ ತೆರೆದು, ಅವಳು ತನ್ನ ತಾಯಿಯ ಪಟ, ನಾನು ನನ್ನ ತಾಯಿಯ ಪಟ ಹಾಕುತ್ತಾ ಬಂದೆವು. ಆಯಿ ಕನ್ನಡಕ ಏರಿಸಿಕೊಂಡು, “ಸೀರೆ ಯಾವ್ದು ಅಂತ ನೋಡ್ತೆ, ಅಷ್ಟೇಯ” ಎನ್ನುತ್ತಾ ತಂಗಿಯ ಮುಖವನ್ನು ಬೆರಳಿನಿಂದ ಹಿಗ್ಗಿಸಿ ನೋಡುತ್ತಿದ್ದರು. ಅಂಕೋಲೆಯಲ್ಲಿಯೂ ಇದೇ ಕ್ರಮ ಜಾರಿಯಲ್ಲಿತ್ತೆಂದು ರಕ್ಷಿತಾ ದೃಢೀಕರಿಸಿರುತ್ತಾಳೆ. ಮಾತಿಲ್ಲದಿದ್ದರೂ ನೋಟವಿತ್ತು. ಆದ್ದರಿಂದ ಹಳೆಯ ತಾಣವೇ ನಮಗೆ ಸಾಕಾಗಿತ್ತು.

೩. ಹೀಗಿರಲು ತಾವು ಹೊಸ ಸೌಲಭ್ಯ ತಂದು, ಇಬ್ಬರ ಮುಖಗಳನ್ನು ಪಕ್ಕಪಕ್ಕದಲ್ಲಿಟ್ಟು ಉಲ್ಲೇಖ ೧ರ ಪ್ರಶ್ನೆ ಕೇಳಿದಿರಿ. ಆಗ ಫೋನು ತಂದೆಯವರ ಕೈಯಲ್ಲಿತ್ತು. ಫೋನು ಏನೇ ಕೇಳಿದರೂ ‘ಹೌದು’ ಒತ್ತುವುದು ಅವರ ಪದ್ಧತಿ. ಪರಿಣಾಮವಾಗಿ ಮಾವಶಿಯ ಪಟಗಳೆಲ್ಲ ಆಯಿಯ ಹೆಸರಿಗೆ ವರ್ಗಾವಣೆಯಾದವು. ತಾವು ಅಷ್ಟಕ್ಕೇ ನಿಲ್ಲದೆ, ‘ಕಾಶಿ: ನಗುವಿನ ಪಯಣ’ ಎಂಬ ಹಾಡುಸಹಿತ ಚಿತ್ರವನ್ನು ತಯಾರಿಸಿ ಎರಡೂ ಮನೆಗೆ ಕಳಿಸಿದಿರಿ. ನಗು ಬಹುತೇಕ ಮಾವಶಿಯದಾಗಿತ್ತು.

೪. ಆ ಐತವಾರ (ಭಾನುವಾರ) ಆಯಿ ಅಂಗಳದಲ್ಲಿ ಬಂಗಡೆ ಮೀನು ಕೊಯ್ಯುತ್ತಿದ್ದರು. ಆಟೋದಿಂದ ಮಾವಶಿ ಇಳಿದರು.

“ಕಾಶೀ, ನಾ ಇನ್ನೂ ಜೀವಂತ ಇದ್ದೆ! ನನ್ನ ಮೋರೆಗೆ ನಿನ್ನ ಹೆಸರು ಹಾಕೂಕೆ ಯಾರು ಹೇಳಿದ್ರು ನಿಂಗೆ?”

ಆಯಿ ತಲೆ ಎತ್ತಲಿಲ್ಲ. “ನಿನ್ನ ಮೋರೆ ತಕಂಡು ನಾ ಎಂತ ಮಾಡ್ಲಿ? ನಂಗೆ ನಂದೇ ಸಾಕಾಗ್ಯದೆ.”

“ನಾನೇ ಒತ್ತಿದ್ದು,” ಎಂದು ತಂದೆಯವರು ತಪ್ಪೊಪ್ಪಿಕೊಂಡರು. “ಜಗಳಕ್ಕೆ ನಿಂತ್ರೆ ಇಬ್ಬರೂ ನಂಗೆ ಒಂದೇ ನಮೂನಿ ಕಾಣ್ತಿರಿ.”

ಅವರನ್ನು ಸ್ಥಳದಿಂದ ಹೊರಗೆ ಕಳಿಸಲಾಯಿತು.

೫. ತರುವಾಯ ನನ್ನನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಪಟ ಬೇರ್ಪಡಿಸತೊಡಗಿದರು. ಬುಟ್ಟಿ ಹೊತ್ತು ದಂಡೆಯಲ್ಲಿ ನಡೆಯುವ ಹೆಂಗಸಿನ ಪಟವೊಂದು ಬಂತು. ಹಿಂದಿನಿಂದ ತೆಗೆದದ್ದು.

“ಇದು ಗಂಗಿಯೇ. ನಡಿಗೆ ನೋಡು, ಒಂದು ಬದಿಗೆ ವಾಲ್ತದೆ.”

“ವಾಲೂದು ನೀನು!”

ಆಯಿ ಪಟವನ್ನು ಇನ್ನಷ್ಟು ಹಿಗ್ಗಿಸಿದರು. ಆಮೇಲೆ ಸಣ್ಣ ದನಿಯಲ್ಲಿ, “ನಿಂಗೆ ಮೊಣಕಾಲು ನೋವು ಶುರುವಾಯ್ತೇನೆ?” ಎಂದರು.

ಮಾವಶಿ ಸಮುದ್ರದ ಕಡೆ ನೋಡಿದರು. “ಹೂಂ. ಎಡದ್ದು.”

“ನಂಗೂ ಎಡದ್ದೇಯ.”

ಪಟ ಯಾರದೆಂಬುದು ಇತ್ಯರ್ಥವಾಗದೆ ಉಳಿಯಿತು. ಬಂಗಡೆ ಸಾರಿನ ಊಟವಾಯಿತು. ಹೊರಡುವಾಗ ಮಾವಶಿ, “ಕೆಲ್ಸ ಮುಗೀಲಿಲ್ಲ, ಬರೂ ಐತವಾರ ಬತ್ತೆ” ಎಂದರು. ಅಂದಿನಿಂದ ಐತವಾರ ತಪ್ಪಿಸಿಲ್ಲ. ಒಂದು ಬೈಠಕ್ಕಿಗೆ ಎರಡು ಮೂರು ಪಟಕ್ಕಿಂತ ಹೆಚ್ಚು ತೀರ್ಮಾನವಾಗದಂತೆ ಇಬ್ಬರೂ ಎಚ್ಚರ ವಹಿಸುತ್ತಾರೆ.

೬. ಈಗ ತಾವು ಮತ್ತೆ ಸುಧಾರಣೆ ಮಾಡಿ, “ತಪ್ಪು ಸರಿಪಡಿಸಲಾಗಿದೆ” ಎಂದು ತಿಳಿಸಿದ್ದೀರಿ. ಮುಖಗಳೆಲ್ಲ ಬೇರೆ ಬೇರೆಯಾಗಿವೆ. ಇನ್ನು ಐತವಾರಕ್ಕೆ ಕೆಲಸವೇ ಉಳಿಯಲಿಲ್ಲ. ಮಾರ್ಕೆಟ್ಟಿನಿಂದ ಬೇಗ ಬಂದು ಸಾರಿಗೆ ಅರೆಯುತ್ತಿದ್ದ ಆಯಿಗೆ ಹೇಳಲು ಬಾಯಿ ಬರಲಿಲ್ಲ. ಆದರೆ ರಕ್ಷಿತಾ ಅಂಕೋಲೆಯಲ್ಲಿ ಹೇಳಿಬಿಟ್ಟಿದ್ದಳು. ಆದಾಗ್ಯೂ ನಿನ್ನೆ ಮಾವಶಿ ಎಂದಿನ ಹೊತ್ತಿಗೆ ಬಂದು ಆಟೋ ಇಳಿದರು. ಸುದ್ದಿಯನ್ನು ಆಯಿಗೆ ಅವರೇ ಹೇಳಿದರು.

“ಎಲ್ಲ ಸಮ ಆದ್ಮೇಲೆ ಮತ್ತೆಂತಕ್ಕೆ ಬಂದೆ?” ಎಂದು ಆಯಿ ಕೇಳಿದರು. ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತ್ತು.

“ಕಂಪನಿಯೋರು ಸಮ ಮಾಡಿದ್ದು ನಂಬೂಕಾಗ್ತದ್ಯೇನೆ? ಒಂದೊಂದೇ ತಪಾಸು ಮಾಡೂದು ಬ್ಯಾಡ್ವೇ?” ಎಂದು ಮಾವಶಿ ಚಪ್ಪಲಿ ಬಿಟ್ಟು ಒಳಗೆ ಬಂದರು.

ಆದ ಕಾರಣ, ತಮ್ಮ ಸುಧಾರಣೆಯನ್ನು ನಮ್ಮ ಮನೆಯವರು ಅಧಿಕೃತವಾಗಿ ನಂಬಿರುವುದಿಲ್ಲವೆಂದೂ, ತಪಾಸಣೆ ಅನಿರ್ದಿಷ್ಟ ಕಾಲ ನಡೆಯಲಿದೆಯೆಂದೂ ತಿಳಿಸುತ್ತಾ, ಅದು ಮುಗಿಯುವವರೆಗೆ ಸದರಿ ಆಲ್ಬಮ್ಮಿಗೆ ಇನ್ನಾವ ಉಪಕಾರವನ್ನೂ ಮಾಡಬಾರದೆಂದು ಪ್ರಾರ್ಥಿಸುತ್ತೇನೆ.

ಎಂದು ತಮ್ಮ ಅರೆಮನಸ್ಸಿನ ವಿಶ್ವಾಸಿ,
ಪೂರ್ಣಿಮಾ

ಲಗತ್ತುಗಳು:
೧. ಬುಟ್ಟಿ ಹೊತ್ತ ಹೆಂಗಸಿನ ಪಟ (ವಿವಾದಿತ).
೨. ತಂದೆಯವರ ಕ್ಷಮಾಪಣೆ (ಮೌಖಿಕ; ಲಗತ್ತಿಸಲು ಬಂದಿಲ್ಲ).

ವಿ.ಸೂ.: ಐತವಾರ ನಮ್ಮಲ್ಲಿ ಫೋನಿಗೆ ಬಿಡುವಿರುವುದಿಲ್ಲ. ದಯವಿಟ್ಟು ಉತ್ತರವನ್ನು ಸೋಮವಾರ ಕಳಿಸುವುದು.