ನಮ್ಮ ಮನೆಯ ಅಮೂರ್ತ

ಮನೆಯಲ್ಲಿ ಅಮೂರ್ತ ಚಿತ್ರ ಬರೆಯುವವರೊಬ್ಬರಿದ್ದರೆ ಇಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ. ನಾನು ಸಿರಸಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಹೆಂಡತಿ ಕಾರ್ ಶೆಡ್ಡಿನಲ್ಲಿ ಚಿತ್ರ ಬರೆಯುತ್ತಾಳೆ. ಕಾರು ಬೀದಿಯಲ್ಲಿರುತ್ತದೆ. ಅವಳ ಚಿತ್ರದಲ್ಲಿ ಮರ, ಮನೆ, ಮುಖ ಯಾವುದೂ ಇಲ್ಲ. ಗೋಡೆಗೆ ಬಣ್ಣ ಹಚ್ಚುವ ಬ್ರಷ್ ಹಿಡಿದು, ಭುಜದಿಂದ ಕೈ ಬೀಸಿ, ಆ ಹೊತ್ತಿಗೆ ಮನಸ್ಸಿನಲ್ಲಿದ್ದದ್ದನ್ನು ಕ್ಯಾನ್ವಾಸಿನ ಮೇಲೆ ಎಳೆಯುತ್ತಾಳೆ. ಊರೆಲ್ಲ ನೋಡಿಯಾಗಿದೆ. ಹೆಗ್ಗರಣೆಯಲ್ಲಿ ಮಗನ ಸಂಸಾರ ಆಳುತ್ತಿರುವ ಅವಳ ತಾಯಿ, ನಮ್ಮ ಆಯಿ, ಮಾತ್ರ ಆರು ವರ್ಷದಲ್ಲಿ ಒಂದನ್ನೂ ನೋಡಿರಲಿಲ್ಲ. ಹೆಂಡತಿಗೆ ಬೇಕಿದ್ದ ಪ್ರೇಕ್ಷಕಿ ಅವಳೊಬ್ಬಳೇ.

೧. ಹಸಿ

ಮೊದಲ ಚಿತ್ರ ಮುಗಿದ ದಿನ ಹತ್ತಿರ ಹೋಗಿ ಇದೇನು ಎಂದು ಕೇಳಿದೆ. ದುಃಖ ಎಂದಳು. ಎಲ್ಲಿದೆ ಎಂದು ಬೆರಳು ಚಾಚಿದೆ.

"ಮುಟ್ಟಡ, ಇನ್ನೂ ಒಣಗಿದ್ದಿಲ್ಲೆ."

ಎರಡು ದಿನ ಫ್ಯಾನಿನ ಕೆಳಗಿಟ್ಟ ಮೇಲೆ ಒಣಗಿತು.

೨. ಸೋರಿದ ಬಣ್ಣ

ಮನೆಗೆ ಬಣ್ಣ ಹಚ್ಚಲು ಹಾವೇರಿ ಕಡೆಯವನೊಬ್ಬ ಬಂದಿದ್ದ. ಶೆಡ್ಡಿನಲ್ಲಿದ್ದ ಕ್ಯಾನ್ವಾಸಿನ ಮುಂದೆ ನಿಂತವನ ಮುಖ ಸಣ್ಣಗಾಯಿತು. ನನ್ನನ್ನು ಬಿಟ್ಟು ನೇರ ಅವಳ ಹತ್ತಿರ ಹೋದ.

"ಅಕ್ಕಾರ, ಬ್ರಷ್ಷಿಗೆ ಬಣ್ಣ ಭಾಳ ತಗೊಂಡೀರಿ, ಅದಕ್ಕ ಸೋರೇತಿ. ಬ್ಯಾಸರ ಮಾಡ್ಕೋಬ್ಯಾಡ್ರಿ. ಮೊದಲ ಮೊದಲ ನನಗೂ ಹಿಂಗ ಆಗ್ತಿತ್ತು."

ತನ್ನ ಕೆಲಸ ಬಿಟ್ಟು, ಬಣ್ಣ ಸೋರದಂತೆ ಬ್ರಷ್ ಎಳೆಯುವುದು ಹೇಗೆಂದು ಗಂಟೆಗಟ್ಟಲೆ ಹೇಳಿಕೊಟ್ಟ. ಅವಳು ಒಂದು ಮಾತೂ ಎದುರಾಡದೆ ಕಲಿತಳು. ಮರುದಿನ ಪಡಸಾಲೆಯ ಗೋಡೆಯಲ್ಲಿ ಅವನದ್ದೇ ಒಂದು ಹನಿ ಸೋರಿ ಇಳಿಯಿತು. ಒರೆಸಲು ಹೋದವನನ್ನು ಅವಳು ತಡೆದಳು. ಆ ಹನಿ ಈಗಲೂ ಇದೆ. ಬಂದವರಿಗೆಲ್ಲ ತೋರಿಸುತ್ತಾಳೆ.

೩. ಜಲಪಾತ

ನಮ್ಮ ಜಿಲ್ಲೆಯಲ್ಲಿ ಮೇಲಿನಿಂದ ಕೆಳಕ್ಕೆ ಬಿಳಿ ಗೆರೆ ಎಳೆದರೆ ಅದು ಜಲಪಾತ. ಬೇರೆ ಅರ್ಥಕ್ಕೆ ಅವಕಾಶವಿಲ್ಲ. ಯಲ್ಲಾಪುರದ ಪ್ರದರ್ಶನಕ್ಕೆ ಬಂದಿದ್ದ ನಿವೃತ್ತ ಹೆಡ್ ಮಾಸ್ತರರು ಒಂದೊಂದೇ ಗುರುತಿಸುತ್ತ ಹೋದರು: ಇದು ಮಾಗೋಡು, ಇದು ಉಂಚಳ್ಳಿ, ಇದು ಸಾತೊಡ್ಡಿ, ಬೇಸಿಗೆಯದ್ದಿರಬೇಕು, ನೀರು ಕಡಿಮೆ. ಹೆಂಡತಿ ತನ್ನ ಅಪ್ಪ ತೀರಿಕೊಂಡ ತಿಂಗಳಲ್ಲಿ ಬರೆದ ಚಿತ್ರದ ಮುಂದೆ ಮಾತ್ರ ನಿಂತುಬಿಟ್ಟರು. ಇದನ್ನು ತಾವು ಕಂಡಿಲ್ಲ, ದಾರಿ ಎಲ್ಲಿಂದ ಎಂದು ಕೇಳಿದರು.

"ಇದಕ್ಕೆ ದಾರಿ ಇಲ್ಲ ಸರ್," ಎಂದಳು.

"ಹೌದು ತಂಗಿ. ನಮ್ಮ ಕಡೆ ಒಳ್ಳೆಯದಕ್ಕೆ ಯಾವುದಕ್ಕೂ ದಾರಿ ಇಲ್ಲ."

೪. ಆಯಿ

ಸಿರಸಿಯ ಪ್ರದರ್ಶನಕ್ಕೆ ಬರಲು ಆಯಿ ಕಡೆಗೂ ಒಪ್ಪಿದಳು. ಅವಳೂ 'ಇದು ಎಂತ' ಎಂದು ಕೇಳಿದರೆ ಬಣ್ಣವನ್ನೆಲ್ಲ ಶಾಲೆಗೆ ಕೊಟ್ಟುಬಿಡುತ್ತೇನೆ ಎಂದಳು ಹೆಂಡತಿ. ಬರೀ ಬೆದರಿಕೆ ಎಂದುಕೊಂಡಿದ್ದೆ. ಶೆಡ್ಡಿನಲ್ಲಿ ನೋಡಿದರೆ ಬ್ರಷ್ಷುಗಳನ್ನು ತೊಳೆದು ರಟ್ಟಿನ ಪೆಟ್ಟಿಗೆಗೆ ತುಂಬಿಯೂ ಆಗಿತ್ತು.

ಆಯಿ ಬಂದವಳು ಕೂರಲಿಲ್ಲ. ಕಪ್ಪು ಕೆಂಪಿನ ದೊಡ್ಡ ಚಿತ್ರದ ಮುಂದೆ ನಿಂತಳು. ಹೆಂಡತಿ ಕಿಟಕಿಯ ಕಡೆ ತಿರುಗಿಕೊಂಡಳು. ಆಯಿ ಬಲಗೈ ಎತ್ತಿ, ಬಣ್ಣ ಹೋದ ದಾರಿಯಲ್ಲೇ ಗಾಳಿಯಲ್ಲಿ ಕೈ ಆಡಿಸಿ ನೋಡಿದಳು.

"ಸಿಟ್ಟಿತ್ತು ನಿಂಗೆ. ಅಂಗಳ ಬಳಿವಾಗ್ಲೂ ಹಿಂಗೇಯ, ಸಿಟ್ಟು ಬಂದ್ರೆ ಕೈ ಇಷ್ಟುದ್ದ ಹೋಗ್ತಿತ್ತು. ಇಲ್ಲಿ ಕೈ ಸೋತಿದ್ದು. ಇಲ್ಲಿ ಅತ್ತಿದ್ದೆ ನೀನು."

ಮದುವೆಗೆ ಮುಂಚೆ ಅಡಿಕೆ ಹಾಳೆಯ ತುಂಡು ಹಿಡಿದು ಅಂಗಳಕ್ಕೆ ಸಗಣಿ ಬಳಿಯುವುದು ಮಗಳ ಕೆಲಸವಾಗಿತ್ತಂತೆ. ಬಳಿದ ಕೈಯ ಗುರುತು ನೆಲದಲ್ಲಿ ಉಳಿಯುತ್ತದೆ. ಮಗಳು ಬಾಯಿ ಬಿಡದಿದ್ದರೂ ಪರೀಕ್ಷೆಯಲ್ಲಿ ಕಡಿಮೆ ಬಂದದ್ದು, ಗೆಳತಿಯ ಜೊತೆ ಜಗಳವಾದದ್ದು ಆಯಿಗೆ ಅಂಗಳದಲ್ಲೇ ತಿಳಿಯುತ್ತಿತ್ತಂತೆ. ಹೆಂಡತಿ ಅವಳ ಸೆರಗು ಹಿಡಿದು ನಿಂತಲ್ಲೇ ಅತ್ತಳು. ನಾನು ಫ್ಯಾನು ನೋಡಿದೆ.

ಆಮೇಲೆ ತಾಯಿ ಮುಂದೆ, ಮಗಳು ಹಿಂದೆ. ಹದಿನಾಲ್ಕು ಚಿತ್ರಗಳಲ್ಲಿ ಹೆಚ್ಚಿನವನ್ನು ಆಯಿ ಸಿಟ್ಟು ಎಂದಳು, ನಾಲ್ಕನ್ನು ಬೇಜಾರು ಎಂದಳು. ನನ್ನ ಸಹೋದ್ಯೋಗಿಗಳು ಚಿತ್ರ ನೋಡುವುದು ಬಿಟ್ಟು ನನ್ನನ್ನು ನೋಡತೊಡಗಿದರು. ಕೊನೆಯದು ತಿಳಿ ಹಳದಿ, ಅಗಲವಾದ ನಿಧಾನದ ಗೆರೆಗಳು. ಆಯಿ ಅಲ್ಲಿ ಬಹಳ ಹೊತ್ತು ನಿಂತಳು.

"ಇದು ಮಾತ್ರ ಪೂರಾ ನೆಮ್ಮದೀಲಿ ಮಾಡಿದ್ದು," ಎಂದಳು. "ಅಳಿಯ ಮನೇಲಿ ಇತ್ನಿಲ್ಲೆ ಕಾಣ್ತು."

ಪುರಾವೆಯಿಲ್ಲದೆ ನಾನು ಯಾವುದನ್ನೂ ಒಪ್ಪುವವನಲ್ಲ. ಚಿತ್ರವನ್ನು ತಿರುಗಿಸಿ ಹಿಂದೆ ಬರೆದಿದ್ದ ತಾರೀಖು ನೋಡಿದೆ. ಆ ವಾರ ಪೂರ್ತಿ ನಾನು ಧಾರವಾಡದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ.